ಮೂರನೆಯ ಬಟ್ಟಲು

ಹೆದರಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಹಾಗೆ ಕಥೆ ಕಟ್ಟುವಷ್ಟು ಶಕ್ತಿಯೂ ಈಗ ನನ್ನಲ್ಲಿಲ್ಲ. ಸಿಂಗಾಪುರದ ಪಾಸಿರ್ ಪಂಜಾಂಗಿನ ಶಿಪ್ಪಿಂಗ್ ಆಫೀಸಿನಲ್ಲಿ ರಾತ್ರಿ ಪಾಳಿ ಮುಗಿಸಿ, ಬಸ್ಸಿನಲ್ಲಿ ತೂಕಡಿಸುತ್ತ ಸೆರಂಗೂನಿನ ಮನೆಗೆ ಬಂದು, ಪರದೆ ಎಳೆದು ಕೂತಿದ್ದೇನೆ. ಪ್ರವಾಸ ಹೋದಾಗ ದಿನಕ್ಕೆ ಎಷ್ಟು ನಡೆದೆವು, ಏನೇನು ತಿಂದೆವು ಎಂದು ತಾರೀಖು ಹಾಕಿ ಬರೆದಿಡುವವಳು ನಾನು. ಆ ಒಂದು ರಾತ್ರಿಯದ್ದನ್ನು ಮಾತ್ರ ಇಲ್ಲಿಯವರೆಗೆ ಬರೆಯಲಾಗಿರಲಿಲ್ಲ.

ಹೋದ ವರ್ಷದ ನವೆಂಬರ್, ಮೊದಲ ವಾರ. ನಾನು ಮತ್ತು ನನ್ನ ಗಂಡ ಪ್ರವೀಣ್ ಆಲ್ಪ್ಸ್ ಪರ್ವತಗಳ ನಡುವಿನ ಒಂದು ಪುಟ್ಟ ಕಣಿವೆಗೆ ಹೋಗಿದ್ದೆವು. ಬೆಟ್ಟದ ಕಾಲುದಾರಿ, ಹಳೆಯ ಮರದ ಮನೆಗಳು, ಆ ಊರಿನ ಚೀಸು, ರೊಟ್ಟಿ... ಇಷ್ಟೇ ಆಸೆ. ಇಳಿದುಕೊಂಡದ್ದು ಲೇನಾ ಎಂಬ ಐವತ್ತರ ಆಸುಪಾಸಿನ ಹೆಂಗಸಿನ ಮನೆಯಲ್ಲಿ. ಸಿಂಗಾಪುರದ ರೂಢಿಯಂತೆ ಪ್ರವೀಣ್ ಅವರನ್ನು ಮೊದಲ ದಿನವೇ ಆಂಟಿ ಎಂದ. ಅವರಿಗೆ ಅದು ಹಿಡಿಸಿತು.

ಅವರ ತಮ್ಮ ಟೋನಿ ಹಿಂದಿನ ಚಳಿಗಾಲದಲ್ಲಿ ಮೇಲಿನ ಹುಲ್ಲುಗಾವಲಿನ ಗುಡಿಸಲು ನೋಡಿಬರಲು ಹೋದವನು ಹಿಂತಿರುಗಿರಲಿಲ್ಲ. ಹಿಮ ಕುಸಿದಿತ್ತು. ದೇಹ ಸಿಕ್ಕಿರಲಿಲ್ಲ.

"ಚರ್ಚಿನ ಸಮಾಧಿಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸು ಅಂತಾರೆ ಎಲ್ಲರೂ," ಎಂದಿದ್ದರು ಲೇನಾ, ನಾನು ಹೇಳುತ್ತಿರುವ ಆ ದಿನ ಬೆಳಿಗ್ಗೆ ತಮ್ಮ ಹರಕು ಇಂಗ್ಲಿಷಿನಲ್ಲಿ. "ದೇಹ ಕಾಣದೆ ಹೇಗೆ ಕೆತ್ತಿಸಲಿ? ನನಗಿನ್ನೂ ಅವನು ಸತ್ತಿಲ್ಲ. ಆದರೆ ಕಾಯುವುದೂ ಸಾಕಾಗಿದೆ." ಬಾಗಿಲ ಹಿಂದೆ ಅವನ ದಪ್ಪ ಕೋಟು ಹಾಗೆಯೇ ತೂಗುತ್ತಿತ್ತು.

ರಾತ್ರಿ ತಾವು ಪಕ್ಕದ ಮನೆಯಲ್ಲಿ ಪ್ರಾರ್ಥನೆಗೆ ಹೋಗಿ ಅಲ್ಲೇ ಮಲಗುವುದಾಗಿಯೂ, ನಮ್ಮ ಊಟ ಅಡುಗೆಮನೆಯಲ್ಲಿ ಇರುವುದಾಗಿಯೂ ಹೇಳಿದರು. "ಮಾಂಸ ಹಾಕಿಲ್ಲ, ನೀವು ತಿನ್ನುವುದಿಲ್ಲ ಅಂತ ನೆನಪಿದೆ," ಎಂದು ನಕ್ಕರು.

ಆ ದಿನ ನಡೆದದ್ದು ಹತ್ತೊಂಬತ್ತು ಕಿಲೋಮೀಟರ್. ವಾಪಸು ಬರುವಾಗ ಕತ್ತಲಾಗಿತ್ತು, ಸಣ್ಣಗೆ ಹಿಮ ಬೀಳುತ್ತಿತ್ತು. ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಒಂದು ಮೇಣದಬತ್ತಿ ಉರಿಯುತ್ತಿತ್ತು. ರೊಟ್ಟಿ, ಒಂದು ಲೋಟ ಹಾಲು, ಮೂರು ಮರದ ಬಟ್ಟಲುಗಳಲ್ಲಿ ಬಾರ್ಲಿ ಗಂಜಿ.

"ಕ್ಯಾಂಡಲ್ ಲೈಟ್ ಡಿನ್ನರ್ ಕಣೇ! ಆಂಟಿ ಸೂಪರ್," ಎಂದ ಪ್ರವೀಣ್.

"ಇರು, ಮೊದಲು ಚೆಕ್ ಮಾಡ್ತೀನಿ." ಹೊರಗೆ ತಿನ್ನುವಾಗಲೆಲ್ಲ ಮೊದಲು ಮೂಸಿ ನೋಡುವುದು ನಮ್ಮ ಮನೆಯ ಪದ್ಧತಿ. ಎರಡು ಬಟ್ಟಲು ಬರೀ ಗಂಜಿ. ಮೂರನೆಯದರಿಂದ ಹೊಗೆಯಲ್ಲಿ ಒಣಗಿಸಿದ ಮಾಂಸದ ವಾಸನೆ ಬಂತು. "ಇದು ಆಂಟಿಯದ್ದಿರಬೇಕು. ನಮ್ಮದು ಇವೆರಡು."

ತಿಂದೆವು. ಗಂಜಿ ತಣ್ಣಗಾಗಿತ್ತು, ಆದರೂ ಬಳಿದು ತಿಂದೆವು. ಮೂರನೆಯ ಬಟ್ಟಲನ್ನು ನಾನೇ ದೂರ ಸರಿಸಿದೆ. ಅಂಚಿನವರೆಗೂ ತುಂಬಿತ್ತು...

ಮೇಲಿನ ಕೋಣೆಯಲ್ಲಿ ಪ್ರವೀಣ್ ಹಾಸಿಗೆಗೆ ಬಿದ್ದೊಡನೆ ನಿದ್ದೆ ಹೋದ. ರಾತ್ರಿ ಪಾಳಿಗೆ ಒಗ್ಗಿದ ನನಗೆ ಎಷ್ಟು ದಣಿದಿದ್ದರೂ ಕತ್ತಲಲ್ಲಿ ಕಣ್ಣು ಮುಚ್ಚುವುದಿಲ್ಲ.

ಕೆಳಗೆ ಚಿಲಕ ಸರಿದ ಸದ್ದು.

ಆಮೇಲೆ ಠಪ್... ಠಪ್... ಹೊಸ್ತಿಲಿಗೆ ಬೂಟು ಬಡಿದು ಹಿಮ ಉದುರಿಸುವ ಸದ್ದು. ಬೆಂಚು ಎಳೆದದ್ದು. ಮರದ ಬಟ್ಟಲಿಗೆ ಚಮಚ ತಾಗಿದ್ದು. ನಿಧಾನವಾಗಿ, ಬಹಳ ನಿಧಾನವಾಗಿ.

"ಪ್ರವೀಣ್... ಏಳೋ. ಕೆಳಗೆ ಯಾರೋ ಇದಾರೆ."

"ಆಂಟಿ ಇರ್ತಾರೆ, ಮಲ್ಕೋ."

"ಅವ್ರು ಅಲ್ಲೇ ಮಲಗ್ತೀನಿ ಅಂದಿದ್ರು ಕಣೋ."

ಅವನು ಕಿವಿಗೊಟ್ಟ. ಆಗ ಮರದ ನೆಲದ ಸಂದಿನಿಂದ ಒದ್ದೆ ಉಣ್ಣೆಯ ವಾಸನೆ ಮೇಲೇರಿತು. ಚಮಚದ ಸದ್ದು ನಿಂತಿತು. ಮತ್ತೆ... ಒಂದು ಕೆಮ್ಮು. ಯಾರಿಗೂ ಎಚ್ಚರವಾಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದ ಹಾಗೆ. ಗಂಡಸಿನದು.

ಮೆಟ್ಟಿಲು ಒಮ್ಮೆ ಕಿರುಗುಟ್ಟಿತು. ಒಂದೇ ಮೆಟ್ಟಿಲು. ಅಲ್ಲೇ ನಿಂತ ಉಸಿರು ಕೇಳಿಸುತ್ತಿತ್ತು.

"ಕೂಗಲಾ?" ಎಂದೆ.

ಪ್ರವೀಣ್ ನನ್ನ ಬಾಯಿಯ ಮೇಲೆ ಕೈ ಇಟ್ಟ.

ಸ್ವಲ್ಪ ಹೊತ್ತಿನ ಮೇಲೆ ಚಿಲಕ ಮತ್ತೆ ಸರಿಯಿತು.

ಬೆಳಿಗ್ಗೆ ನಾವು ಇಳಿದು ಬರುವ ಹೊತ್ತಿಗೆ ಲೇನಾ ಆಗಷ್ಟೇ ಬಂದು ಮೇಜಿನ ಮುಂದೆ ನಿಂತಿದ್ದರು. ಕೋಟನ್ನೂ ಬಿಚ್ಚಿರಲಿಲ್ಲ. ಒಲೆಯ ಗೂಡಿನಲ್ಲಿ, ಮುಚ್ಚಳದಡಿ, ನಮ್ಮ ನಿಜವಾದ ಊಟ ಒಣಗಿ ಕೂತಿತ್ತು.

"ಇದನ್ನು... ನೀವು ತಿಂದಿರಾ?"

ಆಗ ಗೊತ್ತಾಯಿತು. ವರ್ಷಕ್ಕೊಮ್ಮೆ, ಆ ರಾತ್ರಿ, ಮನೆಯ ಸತ್ತವರಿಗೆಂದು ಅಲ್ಲಿ ಊಟ ಬಡಿಸಿಡುತ್ತಾರಂತೆ. ಅಂದರೆ ನಾವು ತಿಂದದ್ದು ಎಡೆ. ನಮ್ಮಲ್ಲಿ ಪಿತೃಪಕ್ಷದಲ್ಲಿ ಕಾಗೆ ಮುಟ್ಟುವ ಮೊದಲು ಮಕ್ಕಳೂ ಬಾಯಿಗೆ ಹಾಕಿಕೊಳ್ಳದ ಎಡೆ.

"ಸಾರಿ ಆಂಟಿ, ನಿಜವಾಗ್ಲೂ ಗೊತ್ತಿರ್ಲಿಲ್ಲ," ಎಂದು ಪ್ರವೀಣ್ ಕನ್ನಡ ಇಂಗ್ಲಿಷು ಎರಡನ್ನೂ ಕಲಸಿ ತೊದಲಿದ. "ನಮಗೇ ಇಟ್ಟಿದೀರಿ ಅನ್ಕೊಂಡ್ವಿ."

ಲೇನಾ ಅವನ ಭುಜ ತಟ್ಟಿದರು. "ಇವೆರಡೂ ಅಪ್ಪ ಅಮ್ಮನವು. ಹಸಿದ ಅತಿಥಿಗಳು ತಿಂದರೆ ಅವರು ಬೇಸರ ಮಾಡಿಕೊಳ್ಳುವವರಲ್ಲ." ಆಮೇಲೆ ಮೂರನೆಯದನ್ನು ತೋರಿಸಿದರು. "ಇದು?"

ಬಟ್ಟಲು ಖಾಲಿಯಾಗಿತ್ತು. ರೊಟ್ಟಿಯಿಂದ ಒರೆಸಿದಷ್ಟು ಸ್ವಚ್ಛ.

"ಅದರಲ್ಲಿ ಮಾಂಸ ಇತ್ತು," ಎಂದೆ ನಾನು. "ನಾವು ಮುಟ್ಟಲೇ ಇಲ್ಲ."

ಲೇನಾ ಮೆಲ್ಲಗೆ ಬೆಂಚಿನ ಮೇಲೆ ಕೂತರು. "ಟೋನಿಗೆ ಈ ವರ್ಷವೇ ಮೊದಲ ಸಲ ಇಟ್ಟದ್ದು. ಅವನು ಸತ್ತನೆಂದು ಒಪ್ಪಿಕೊಂಡು ಇಟ್ಟದ್ದು." ಮುಖದಲ್ಲಿ ಅಳುವಿರಲಿಲ್ಲ, ದೊಡ್ಡ ಹೊರೆ ಇಳಿಸಿದವರ ಆಯಾಸವಿತ್ತು. "ಸರಿ. ಬಂದು ಉಂಡು ಹೋದ. ಇನ್ನು ಕಲ್ಲು ಕೆತ್ತಿಸಬಹುದು. ನಿಮಗೆ ಏನಾದರೂ ಕೇಳಿಸಿತಾ?"

ಪ್ರವೀಣ್ ನನ್ನನ್ನೇ ನೋಡಿದ. ಕೇಳಿದ್ದನ್ನು ಹೇಳುವುದೇ ಸರಿ ಅನ್ನಿಸಿತು.

"ಚಿಲಕ. ಬೂಟು. ಮತ್ತೆ... ಕೆಮ್ಮಿದ್ದು."

"ಕೆಮ್ಮಿದ್ದು?"

ಅವರು ಎದ್ದರು. ಬಾಗಿಲು ತೆಗೆದರು. ಹೊಸ್ತಿಲಾಚೆ ಅವರು ಆಗಷ್ಟೇ ಬಂದ ಹೆಜ್ಜೆಗಳನ್ನು ಬಿಟ್ಟರೆ ಹಿಮ ಎಲ್ಲೂ ಕಲಕದೆ ಬಿದ್ದಿತ್ತು. ರಾತ್ರಿಯಿಡೀ ಬಿದ್ದ ಹಿಮ... ಹೆಜ್ಜೆ ಇದ್ದರೂ ಮುಚ್ಚಿಹೋಗಿರಬಹುದು, ಇಲ್ಲದೆಯೂ ಇರಬಹುದು. ಒಳಗೆ, ಲೇನಾ ಕೂತಿರದ ಬೆಂಚಿನ ತುದಿಯ ಕೆಳಗೆ ಮಾತ್ರ ಅಂಗೈಯಗಲ ನೀರು.

ಲೇನಾ ನನ್ನತ್ತ ತಿರುಗಿ ಮೆಲುದನಿಯಲ್ಲಿ ಕೇಳಿದರು. "ಸತ್ತವರು ಕೆಮ್ಮುತ್ತಾರಾ?"

ನಾನು ಹೋಗಿ ಬಾಗಿಲು ಮುಚ್ಚಿದೆ.

ನಮ್ಮ ಬಸ್ಸು ಕಣಿವೆ ಬಿಡುವಾಗ ಪ್ರವೀಣ್ ಹೇಳಿದ, "ಆ ಕೆಮ್ಮಿನ ವಿಷ್ಯ ಹೇಳ್ಬಾರ್ದಿತ್ತು ನೀನು."

"ನಿಂಗೂ ಕೇಳಿಸ್ತು ತಾನೇ?"

ಅವನು ಕಿಟಕಿಯ ಕಡೆ ಬೆರಳು ತೋರಿಸಿದ. ಮೇಲಿನ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ, ಚಳಿಗಾಲಕ್ಕೆ ಮುಚ್ಚಿದ್ದ ಗೇಟು ದಾಟಿ, ಲೇನಾ ಒಬ್ಬರೇ ಹತ್ತುತ್ತಿದ್ದರು. ಮೊಣಕಾಲಿನವರೆಗೂ ಹಿಮ. ಎರಡೂ ಕೈಯಲ್ಲಿ ಅಪ್ಪಿ ಹಿಡಿದದ್ದು ಗಂಡಸಿನ ದಪ್ಪ ಕೋಟು...