ಎರಡು ರಿಂಗಿನ ಕ್ಷೇಮ ಸಮಾಚಾರ

ನಮ್ಮ ಅತ್ತೆ ಪಂಕಜಾಕ್ಷಿಯವರಿಗೆ ಫೋನ್ ಮಾರಲು ಬಂದವರೆಲ್ಲ ಪಾಪದವರು. ಅತ್ತೆ ಕುಂದಾಪುರದ ಕಡೆಯಿಂದ ಬಂದು ಮರಾಠಿ ನಾಡಿನ ಧನಕವಡಿಯಲ್ಲಿ ಮಾವನ ಜೊತೆ ಹೋಟೆಲ್ ನಡೆಸಿದವರು. ಗಲ್ಲಾದಲ್ಲಿ ಕೂತು ಎಂಥೆಂಥ ಮಾತುಗಾರರನ್ನೋ ನೋಡಿದವರು.

ಮನೆಯ ಹಳೆಯ ತಂತಿ ಫೋನ್ ನಿಂತುಹೋದಾಗ ನನ್ನ ಗಂಡ ಅಕ್ಷಯ, ಇಂಟರ್ನೆಟ್ಟಿನ ಮೂಲಕ ನಡೆಯುವ ಫೋನ್ ಹಾಕಿಸೋಣ ಎಂದ. ಬಂದ ಕಂಪನಿಯವರು ವೇಗ ಹೊಗಳಿದರು, ನೀವು ಎತ್ತದಿದ್ದರೆ ಫೋನೇ ಉತ್ತರ ಕೊಡುತ್ತದೆ ಎಂದರು. ಅತ್ತೆ ಮರಾಠಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಯಾರೂ ಎತ್ತದಿದ್ದರೆ ಅದು ಸುಮ್ಮನೆ ಹೊಡೆದುಕೊಳ್ಳುತ್ತದೆಯೇ?

ಕಾರಣ, ಒಂದೆರಡು ಗಂಟೆ ದಾರಿಯ ದೌಂಡದಲ್ಲಿ ಮಗ ಸುದೀಪನ ಜೊತೆ ಇರುವ ಅವರ ಅಕ್ಕ ಗೋದಾ. ದೂರದ ಕರೆ ದುಬಾರಿಯಾಗಿದ್ದ ಕಾಲದಿಂದ ಅಕ್ಕತಂಗಿಯರದು ಒಂದು ಪದ್ಧತಿ. ಬೆಳಿಗ್ಗೆ ಅಕ್ಕನ ಕರೆ ಎರಡು ರಿಂಗಾಗಿ ನಿಂತರೆ ಎಲ್ಲ ಕ್ಷೇಮ, ಯಾರೂ ಎತ್ತಬಾರದು. ನಿಲ್ಲದೆ ಹೊಡೆದುಕೊಂಡರೆ ತಂಗಿ ಅಲ್ಲಿಗೆ, ಈ ಕಡೆಯವರು ಎತ್ತಿಬಿಟ್ಟರೆ ಅಕ್ಕ ಇಲ್ಲಿಗೆ, ಹೊರಟು ಬಾ ಎಂದರ್ಥ. ಲಕ್ವ ಹೊಡೆದು ಗೋದಾ ದೊಡ್ಡತ್ತೆಯ ಮಾತು ಹೋದ ಮೇಲೆ ಅವರಿಬ್ಬರ ನಡುವೆ ಉಳಿದ ಮಾತುಕತೆ ಅದೊಂದೇ.

"ಮೊಬೈಲಿಗೇ ರಿಂಗ್ ಕೊಡ್ಲಿ ಬಿಡಿ ಅತ್ತೆ" ಎಂದೆ.

"ಮೊಬೈಲ್ ನಾನು ಹೋದಲ್ಲಿಗೆ ಬರ್ತದೆ ಮಾರಾಯ್ತಿ. ಇದು ಹೊಡ್ಕೊಂಡ್ರೆ ಅಕ್ಕ ಮನೆಗೆ ಬಂದ ಹಾಗೆ ಆಗ್ತದೆ."

ನನ್ನ ಗಂಡನೋ ಸಾಫ್ಟ್‌ವೇರಿನವ, ಸವಲತ್ತು ಹೆಚ್ಚಿದ್ದಷ್ಟೂ ಹಿಗ್ಗುವವ. ಅತ್ತೆಯ ಪ್ರಶ್ನೆಯನ್ನು ಗಾಳಿಗೆ ತೂರಿ, ಎಲ್ಲಕ್ಕಿಂತ ಹೆಚ್ಚು ಸವಲತ್ತಿನ ಕಂಪನಿಯನ್ನೇ ಆರಿಸಿದ. ಸುದೀಪ ಹೊಸ ನಂಬರನ್ನು ಅಮ್ಮನ ಫೋನಿನ ಒಂದು ಗುಂಡಿಗೆ ಜೋಡಿಸಿಕೊಟ್ಟ.

ಮರುದಿನ ಬೆಳಿಗ್ಗೆ ಒಂದು ರಿಂಗ್ ಆಯಿತಷ್ಟೆ. ಯಂತ್ರವೇ ಕರೆ ಎತ್ತಿ, ಯಾರೋ ಹೆಂಗಸಿನ ದನಿಯಲ್ಲಿ ಹಿಂದಿಯಲ್ಲಿ ನಮಸ್ಕಾರ ಹೇಳಿತು. ಅತ್ತೆ ಕೂತಲ್ಲಿಂದ ಎದ್ದುನಿಂತರು.

"ಅಕ್ಕ ಈಗ ಹೊರಡ್ತಾಳೆ ನೋಡು."

ನಾನು ಸುದೀಪನಿಗೆ ಫೋನ್ ಮಾಡಿ ಏನೂ ಆಗಿಲ್ಲವೆಂದೆ. "ಹೇಳಿದ್ರೆ ಅಮ್ಮ ನಂಬೂದಿಲ್ಲ. ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಾಗಿದೆ" ಎಂದ.

ಮಧ್ಯಾಹ್ನ ಮಗನ ತೋಳು ಹಿಡಿದು ಬಂದ ದೊಡ್ಡತ್ತೆ ತಂಗಿಯ ಮುಖ ಸವರಿದರು, ಕೈ ಸವರಿದರು. ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ, ಸ್ವಾಧೀನವಿದ್ದ ಕೈಯಿಂದ ಬೆನ್ನಿಗೊಂದು ಗುದ್ದು ಕೊಟ್ಟು ಅತ್ತರು. ನನಗೂ ಅಳು ತಡೆಯಲಾಗಲಿಲ್ಲ.

ಅವರು ಇಲ್ಲಿ ಉಳಿದಿದ್ದಾಗಲೇ ಅಕ್ಷಯ ತೆಪ್ಪಗೆ ಬೇರೆ ಕಂಪನಿಯ ಫೋನ್ ಹಾಕಿಸಿದ. ಅದಕ್ಕೆ ಹೊಡೆದುಕೊಳ್ಳುವುದು ಬಿಟ್ಟರೆ ಹೆಚ್ಚೇನೂ ಗೊತ್ತಿರಲಿಲ್ಲ. ಪರೀಕ್ಷೆಗೆಂದು ದೊಡ್ಡತ್ತೆಯ ಕೈಗೆ ಮೊಬೈಲ್ ಕೊಟ್ಟು ಅಡುಗೆಮನೆಯಲ್ಲಿ ಕೂರಿಸಿದೆವು. ಪಡಸಾಲೆಯ ಫೋನ್ ಎರಡು ರಿಂಗಾಗಿ ನಿಂತಿತು.

"ಇದೇ ಇರ್ಲಿ" ಎಂದರು ಅತ್ತೆ.

ಅಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು. ಎರಡಾಯಿತು, ಮೂರಾಯಿತು, ನಿಲ್ಲಲಿಲ್ಲ. ಎತ್ತಲು ಹೋದ ಅಕ್ಷಯನ ಕೈಯನ್ನು ಅತ್ತೆ ಸರಿಸಿದರು.

"ಬಿಡು, ನನ್ನನ್ನು ಕರೀತಿದ್ದಾಳೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ನಡೆದರು.