ಸಾಯಿನಾಥನಿಗೆ ಸಿಕ್ಕ ಪಾರ್ಟಿ

ನಾರಾಯಣಪೇಟೆಯ ಆ ಓಣಿಯಲ್ಲಿ ಮನೆಗೊಂದು ಮಗ್ಗ. ಎಲ್ಲ ಮಗ್ಗಗಳೂ ಒಟ್ಟಿಗೆ ಬಡಿಯತೊಡಗಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅಂಥ ಓಣಿಯಲ್ಲೂ ಒಬ್ಬನ ದನಿ ಮಾತ್ರ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು.

"ಎಡಕ್ಕ ಬಾರೋ, ಎಡಕ್ಕ! ಮನಿ ಹಿಂದ ಅಡಗ್ಯಾನ! ಹೊಡಿ!"

ಹೊಸದಾಗಿ ಬಾಡಿಗೆಗೆ ಬಂದವರು ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಳಬರು, "ಏನಿಲ್ಲ ಬಿಡ್ರಿ, ತಿರುಪತಮ್ಮನ ಮಗ ಸಾಯಿನಾಥ. ಫೋನಾಗ ಯುದ್ಧಕ್ಕ ಹೋಗ್ಯಾನ, ಊಟದ ಹೊತ್ತಿಗೆ ಬರ್ತಾನ" ಎಂದು ಸಮಾಧಾನ ಹೇಳುತ್ತಿದ್ದರು.

ಆದರೆ ಅವನು ಊಟದ ಹೊತ್ತಿಗೂ ಬರುತ್ತಿರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಉಳಿದಂತೆ ಸಾಯಿನಾಥ ಚಿನ್ನದಂಥವನು. ಕುಡಿತವಿಲ್ಲ, ಇಸ್ಪೀಟಿಲ್ಲ, ಮಗ್ಗದಲ್ಲಿ ಕೂತರೆ ಕೈ ನೀರಿನ ಹಾಗೆ ಹರಿಯುತ್ತದೆ. ಇದ್ದ ಚಟವೆಂದರೆ ಆ ಆನ್‌ಲೈನ್ ಆಟವೊಂದೇ. ಎಲ್ಲೆಲ್ಲಿಯದೋ ಊರಿನವರು ಕೂಡಿ ತಂಡ ಕಟ್ಟಿಕೊಂಡು ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುವ ಆಟ. ಅದನ್ನು ನಡುವೆ ನಿಲ್ಲಿಸಲು ಬರುವುದಿಲ್ಲ.

"ಸಾಯೀ, ಅನ್ನ ಆರಾಕತ್ತೈತಿ, ಏಳೋ."

"ಈಗ ನಿಲ್ಲಿಸಾಕ ಬರಂಗಿಲ್ಲವ್ವಾ. ಆ ಕಡಿ ಇರೋರು ಜೀವಂತ ಮಂದಿ."

"ಈ ಕಡಿ ಇರೋರೇನು ಹೆಣಾನಾ?" ಎಂದು ತಿರುಪತಮ್ಮ ತಟ್ಟೆ ಕುಕ್ಕುತ್ತಿದ್ದಳು.

ಹೀಗಿರುವಾಗ ಗದ್ವಾಲದಲ್ಲಿ ಅವನ ಹೆಂಡತಿ ನವನೀತಾಳ ತಂಗಿಗೆ ಮದುವೆ ಗೊತ್ತಾಯಿತು. "ಅಕ್ಕಾ, ಮುಹೂರ್ತಕ್ಕ ನೀವಿಬ್ಬರೂ ನೇಯ್ದ ಸೀರೀನೇ ಉಡ್ತೀನಿ" ಎಂದು ತಂಗಿ ಹಟ ಹಿಡಿದಳು. ಅವಳಿಗೆ ಬೇಕಾದದ್ದು ಗದ್ವಾಲ ಸೀರೆ; ಅದರ ಒಡಲು ಹತ್ತಿ, ಅಂಚು ರೇಷ್ಮೆ. ಒಡಲಿನ ಎಳೆಗೂ ಅಂಚಿನ ಎಳೆಗೂ ಕೊಂಡಿ ಹಾಕುತ್ತ ನೇಯಬೇಕು. ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಗಂಡ ಮಗ್ಗದ ಮುಂದೆ ಕೂತರೆ ಹೆಂಡತಿ ಅಂಚಿನ ತುದಿಗೆ ಕೂರುತ್ತಾಳೆ. ಅವನ ಲಾಳಿ ಬಂದ ಮೇಲೆ ಅವಳ ಲಾಳಿ, ಅವಳದು ಬಂದ ಮೇಲೆ ಮತ್ತೆ ಅವನದು. ಅದಕ್ಕೆ ಪಾಳಿ ಎನ್ನುತ್ತಾರೆ.

ಸೀರೆ ಮೊಣಕಾಲುದ್ದ ಬಂದಿತ್ತು. ಒಂದು ಮಧ್ಯಾಹ್ನ ನವನೀತಾ ಲಾಳಿ ಹಿಡಿದು ಕೂತೇ ಇದ್ದಳು. ಸಾಯಿನಾಥ ನೀರು ಕುಡಿದು ಬರುತ್ತೇನೆಂದು ಎದ್ದವನು ಪಡಸಾಲೆಯಲ್ಲಿ ಫೋನು ಹಿಡಿದು ಯುದ್ಧಕ್ಕಿಳಿದಿದ್ದ.

"ರೀ, ಪಾಳಿ ನಿಮ್ದು."

"ತಡೀ, ಕಡೀಗೆ ಇಬ್ಬರೇ ಉಳಿದಾರ!"

ಅವಳು ಇನ್ನಷ್ಟು ಹೊತ್ತು ಕಾದಳು. ಆಮೇಲೆ ಎದ್ದು ಲಾಳಿಯನ್ನು ಗೂಡಿನಲ್ಲಿಟ್ಟಳು. "ಆ ಜೀವಂತ ಮಂದಿನ್ನೇ ಕರಸ್ರಿ. ಅವರೇ ಬಂದು ಅಂಚು ನೇಯಲಿ" ಎಂದವಳು ಮತ್ತೆ ಮಗ್ಗದ ಹತ್ತಿರ ಸುಳಿಯಲಿಲ್ಲ. ಗಂಡನೊಡನೆ ಮಾತೂ ಬಿಟ್ಟಳು. ಹೇಳುವುದೇನಿದ್ದರೂ ಅತ್ತೆಯ ಮೂಲಕವೇ. "ಅತ್ತೀ, ಚಾ ಆರ್ತೈತಿ ಅಂತ ನಿಮ್ಮ ಮಗಗ ಹೇಳ್ರಿ." ಮಗ ಅಲ್ಲೇ ಮೊಳದ ದೂರದಲ್ಲಿ ಕೂತಿರುತ್ತಿದ್ದ.

ಮುಹೂರ್ತ ಹತ್ತಿರ ಬರುತ್ತಿತ್ತು, ಸೀರೆ ನಿಂತಲ್ಲೇ ನಿಂತಿತ್ತು. ಸಾಯಿನಾಥ ಫೋನಿನಿಂದ ಆಟ ಕಿತ್ತುಹಾಕಿದ. ನವನೀತಾ ನಂಬಲಿಲ್ಲ. ಆಟವಿಲ್ಲದೆ ಅವನ ಕೈಯೂ ಮಂಕಾಯಿತು. ಕೊನೆಗೆ ಮಕ್ತಲ್ ಬಸ್ಸು ಹತ್ತಿದ.

ಮಕ್ತಲ್ ಬಸ್ ನಿಲ್ದಾಣದ ಎದುರಿಗೆ ಸುಜಯೀಂದ್ರನ ಮೊಬೈಲ್ ರಿಪೇರಿ ಅಂಗಡಿ. ಅರ್ಚಕರ ಮಗ, ಮೊದಲು ಸಾಯಿನಾಥನ ತಂಡದಲ್ಲೇ ಗುಂಡು ಹಾರಿಸುತ್ತಿದ್ದ, ಆಮೇಲೆ ಒಮ್ಮೆಲೇ ಬಿಟ್ಟಿದ್ದ.

"ನೀ ಹೆಂಗ ಬಿಟ್ಟಿ ಸ್ವಾಮೀ?"

"ಬಿಡದೇ ಏನು ಮಾಡ್ಲಪಾ? ಅಪ್ಪ ಮಡಿಯೊಳಗಿದ್ದು ನೈವೇದ್ಯಕ್ಕ ತುಳಸಿ ತಾ ಅಂತ ಕೂಗ್ತಾರ. ನಾ ಬರೂತನಕಾ ದೇವರು ಹಸಕೊಂಡು ಕೂಡಬೇಕಾ?" ಸುಜಯೀಂದ್ರ ಒಂದು ಹಳೆಯ ಲ್ಯಾಪ್‌ಟಾಪ್ ಎಳೆದ. "ಇದು ಬ್ಯಾರೆ ಜಾತಿ ಆಟ. ಆ ಕಡೆ ಯಾರೂ ಇಲ್ಲ, ಆಡೋನು ನೀ ಒಬ್ಬನೇ. ಯೋಧ, ವೈದ್ಯ, ಮಂತ್ರವಾದಿ, ಕಳ್ಳ, ನಾಕು ಮಂದಿ ಪಾರ್ಟಿ ಕಟ್ಟಬೇಕು. ಗುಹೆ, ರಾಕ್ಷಸರು, ನಿಧಿ. ಒಬ್ಬೊಬ್ಬರದೂ ಪಾಳಿ ಬರ್ತದ. ಸ್ಪೇಸ್ ಕೀ ಒತ್ತಿದಿ ಅಂದ್ರ ರಾಕ್ಷಸ ಎತ್ತಿದ ಕೊಡಲಿ ಎತ್ತಿದಂಗ ನಿಲ್ತಾನ. ಊಟ ಮಾಡು, ಮಲಗು, ಊರಿಗೆ ಹೋಗಿ ಬಾ, ಅಂವ ಹಂಗೇ ನಿಂತಿರ್ತಾನ."

ಸಾಯಿನಾಥನ ಕಣ್ಣು ತುಂಬಿ ಬಂತು. ಇಂಥ ಮರ್ಯಾದಸ್ಥ ರಾಕ್ಷಸರು ಇದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ.

ಲ್ಯಾಪ್‌ಟಾಪ್ ಮನೆಗೆ ಬಂತು. ಪಾರ್ಟಿಯವರಿಗೆ ಹೆಸರಿಡು ಎಂದು ಆಟ ಕೇಳಿತು. ಅವನಿಗೆ ತೋಚಿದ್ದು ಮನೆಯವರ ಹೆಸರುಗಳೇ. ಕೊಡಲಿ ಹಿಡಿದ ಯೋಧ ತಿರುಪತಮ್ಮ. ಗಾಯ ವಾಸಿ ಮಾಡುವ ವೈದ್ಯೆ ನವನೀತಾ. ಬಾಯಿಂದ ಬೆಂಕಿ ಬಿಡುವ ಮಂತ್ರವಾದಿಗೆ ಪಕ್ಕದ ಮನೆಯ ಪೆಂಟಮ್ಮನ ಹೆಸರು ಬಿಟ್ಟು ಬೇರೆ ಹೊಳೆಯಲೇ ಇಲ್ಲ. ಕಳ್ಳನ ಜಾಗದಲ್ಲಿ ತಾನು ನಿಂತ.

ಮರುದಿನ ಅಂಗಳದಲ್ಲಿ ನಿಂತು ಸುಜಯೀಂದ್ರನಿಗೆ ಫೋನು ಹಚ್ಚಿದ. ದನಿ ಹಳೆಯದೇ.

"ನನ್ನ ಪಾರ್ಟಿ ಸೇತುವಿ ತನಕ ಬಂದೈತಿ ಸ್ವಾಮೀ! ಹೂಂ, ನಾಕು ಮಂದಿ. ಎಲ್ಲರ ಹತ್ರಾನೂ ಬಂಗಾರ ತುಂಬೈತಿ, ಖರ್ಚು ಮಾಡಾಕ ಅಂಗಡಿ ಸಿಗವಲ್ದು! ಯಾವ ಸೇತುವೀನಾ? ನಮ್ಮ ಜೂರಾಲ ಡ್ಯಾಮ್ ಇಲ್ಲೇನು, ಥೇಟ್ ಹಂಗೇ..."

ಗೋಡೆಯಾಚೆ ನೂಲು ಸುತ್ತುತ್ತಿದ್ದ ಪೆಂಟಮ್ಮನ ರಾಟೆ ನಿಂತಿತು. ನೇಕಾರರ ಓಣಿಯಲ್ಲಿ ಪಾರ್ಟಿ ಎಂದರೆ ಒಂದೇ ಅರ್ಥ: ಸೀರೆ ಕೊಳ್ಳಲು ಬರುವ ಗಿರಾಕಿ. ನಾಲ್ಕು ಜನ, ಕೈತುಂಬ ಬಂಗಾರ, ಅಂಗಡಿ ಸಿಗುತ್ತಿಲ್ಲ, ಆಗಲೇ ಹತ್ತಿರದ ಜೂರಾಲಕ್ಕೆ ಬಂದಿದ್ದಾರೆ! ಅವಳು ಎದ್ದದ್ದೊಂದು ಗೊತ್ತು, ಓಣಿಗೆಲ್ಲ ಸುದ್ದಿ ಹೇಗೆ ಮುಟ್ಟಿತೋ ಯಾರಿಗೂ ಗೊತ್ತಾಗಲಿಲ್ಲ. ಮನೆಮನೆಯ ಪೆಟ್ಟಿಗೆಯಿಂದ ಸೀರೆಗಳು ಹೊರಬಿದ್ದವು. ಯಾರೋ ಅಂಗಳಕ್ಕೆ ನೀರು ಹೊಡೆದರು.

ನವನೀತಾಳಿಗೂ ಸುದ್ದಿ ಮುಟ್ಟಿತು. ಹೊರಗಿನವರು ಬಂದು ಅರ್ಧಕ್ಕೆ ನಿಂತ ಸೀರೆ ನೋಡುವುದೇ? ಅವಳು ಸೆರಗು ಬಿಗಿದು, ಗೂಡಿನ ಲಾಳಿ ತೆಗೆದುಕೊಂಡು ಅಂಚಿನ ತುದಿಗೆ ಬಂದು ಕೂತಳು.

"ಪಾಳಿ ನಿಮ್ದು" ಎಂದಳು, ಅತ್ತೆಗಲ್ಲ, ಗಂಡನಿಗೇ.

ಸಾಯಿನಾಥ ಏಕೆಂದು ಕೇಳಲಿಲ್ಲ. ಕೇಳಿದರೆ ಎದ್ದುಹೋದಾಳೆಂಬ ಭಯ. ಕೂತ. ಲಾಳಿ ಹೋಯಿತು, ಬಂತು. ಮೊಣಕಾಲುದ್ದದ ಸೀರೆ ಗೇಣುಗೇಣಾಗಿ ಬೆಳೆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಪೆಂಟಮ್ಮ ಮುಂದೆ, ತೋಳಿಗೆ ಸೀರೆ ಹೇರಿಕೊಂಡ ಅರ್ಧ ಓಣಿ ಹಿಂದೆ.

"ಸಾಯೀ, ಎಲ್ಲೈತೋ ನಿನ್ನ ಪಾರ್ಟಿ? ಚಾ ಎರಡು ಸಲ ಬಿಸಿ ಮಾಡಿದ್ವಿ!"

ಸಾಯಿನಾಥನಿಗೆ ಆಗ ಎಲ್ಲ ತಿಳಿಯಿತು. ಜೂರಾಲದಿಂದ ವಾಪಸ್ಸು ಹೋದರು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ನವನೀತಾ, ಕೈಯಲ್ಲಿ ಲಾಳಿ. ಸುಳ್ಳಿನ ಮೇಲೆ ಕೂತವಳು ನಿಜ ತಿಳಿದ ದಿನ ಮತ್ತೆ ಏಳುತ್ತಾಳೆ. ಅವನು ಲ್ಯಾಪ್‌ಟಾಪ್ ತಂದು ಎಲ್ಲರ ಮುಂದೆ ತೆರೆದ.

"ಇದೇ ನನ್ನ ಪಾರ್ಟಿ."

ತಿರುಪತಮ್ಮ ಬಗ್ಗಿ ನೋಡಿದಳು. "ಇದ್ಯಾರು, ನನ್ನ ಹೆಸರು ಇಟ್ಕೊಂಡಾನಲ್ಲ?"

"ಅದು ನೀನೇ ಅವ್ವಾ. ಎಲ್ಲರಿಗಿಂತ ಗಟ್ಟಿ."

"ಗಟ್ಟಿ ಇರ್ಲಿ, ಗಡ್ಡ ಯಾಕೋ ಇಟ್ಟೀ, ಮೂಳ!"

"ಪೆಂಟಮ್ಮತ್ತಿ ಬಾಯಿಂದ ಬೆಂಕಿ ಬಿಡ್ತಾಳ ನೋಡ್ರಿ" ಎಂದು ಹಿಂದಿನಿಂದ ಯಾರೋ ಅಂದರು. "ಅದರಾಗ ಹೊಸಾದೇನೈತಿ?" ಎಂದು ಇನ್ನೊಬ್ಬರು. ಪೆಂಟಮ್ಮ ತಿರುಗಿ ಬಿಟ್ಟ ಬೆಂಕಿಗೆ ಅರ್ಧ ಓಣಿ ನಗುತ್ತ ಚದುರಿತು. ಮಾಡಿದ ಚಹಾ ಹಾಳಾಗಬಾರದೆಂದು ಕುಡಿದೇ ಹೋದರು.

ನವನೀತಾ ನಕ್ಕಿರಲಿಲ್ಲ. "ನಾ ಎಲ್ಲಿದೀನಿ?"

ಅವನು ತೋರಿಸಿದ. ಎಲ್ಲರ ಹಿಂದೆ, ಮದ್ದಿನ ಚೀಲ ಹಿಡಿದು.

"ಮನಿಯಾಗೂ ಹಿಂದ ನಿಂತು ಎಲ್ಲರ ಗಾಯಕ್ಕ ಮದ್ದು ಹಚ್ಚೋದು, ಇಲ್ಲೂ ಅದೇನಾ? ನಂಗ ಕತ್ತಿ ಕೊಡ್ರಿ."

"ಕೊಟ್ಟೆ."

"ಇದನ್ನ ನಿಲ್ಲಿಸಾಕ ಬರ್ತೈತೇನು?"

ಪರದೆಯ ಮೇಲೆ ರಾಕ್ಷಸನೊಬ್ಬ ಆಗಷ್ಟೇ ಕೊಡಲಿ ಎತ್ತಿದ್ದ. ಇನ್ನೊಂದೇಟು ಬಿದ್ದರೆ ಕಳ್ಳ ಸಾಯಿನಾಥನ ಕಥೆ ಮುಗಿದಂತೆ. ಸಾಯಿನಾಥ ಸ್ಪೇಸ್ ಒತ್ತಿದ. ಬೆಂಕಿ, ಕೊಡಲಿ, ತಿರುಪತಮ್ಮನ ಗಡ್ಡ, ಎಲ್ಲವೂ ಇದ್ದಲ್ಲೇ ನಿಂತವು.

"ಎಷ್ಟೊತ್ತು ನಿಲ್ತೈತಿ?"

"ನೀ ಹೂಂ ಅನ್ನೂತನಕ."

ನವನೀತಾ ಅವನ ಮುಖ ನೋಡಿದಳು, ಪರದೆ ನೋಡಿದಳು. ಆಮೇಲೆ ತನ್ನ ಲಾಳಿ ಹಾಯಿಸಿ, "ಪಾಳಿ ನಿಮ್ದು" ಎಂದಳು.

ಗದ್ವಾಲದ ಮುಹೂರ್ತಕ್ಕೆ ಸೀರೆ ಸಮಯಕ್ಕೆ ಹೋಯಿತು. ಆ ದಿನವಂತೂ ಗಂಡ ಹೆಂಡಿರ ಲಾಳಿಗಳು ಹೊತ್ತು ಮುಳುಗುವ ತನಕ ನಿಲ್ಲಲೇ ಇಲ್ಲ. ಲ್ಯಾಪ್‌ಟಾಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ತಿರುಪತಮ್ಮನಿಗೆ ತಡೆಯಲಾಗಲಿಲ್ಲ.

"ಯವ್ವಾ ನವನೀತಾ, ಒಮ್ಮೆ ಹೂಂ ಅನ್ನಬಾರದೇನು? ಪಾಪ ಈ ರಾಕ್ಷಸ, ಕೊಡಲಿ ಎತ್ಕೊಂಡು ನಿಂತು ನಿಂತು ಅವನ ರಟ್ಟಿ ಏನಾಗಿರಬೇಕು!"