ಹೊಳೆದಂಡೆಯ ಮುಳ್ಳು

ಶ್ರೀಶೈಲಕ್ಕೆ ನಮ್ಮ ಪಾದಯಾತ್ರೆ ಶುರುವಾಗುವುದು ಮುನವಳ್ಳಿಯ ಹೊಳೆದಂಡೆಯ ಕಾಲುದಾರಿಯಿಂದ. ಆ ವರ್ಷ ಒಬ್ಬ ರೈತ ದಾರಿಯನ್ನೂ ಉತ್ತು ಕಬ್ಬು ಹಚ್ಚಿ, ಅಡ್ಡಲಾಗಿ ಜಾಲಿಮುಳ್ಳು ಒಟ್ಟಿದ್ದ. ಬರಿಗಾಲಲ್ಲಿ ನಡೆಯುವವರ ದಾರಿಗೆ ಮುಳ್ಳು ಹಾಕಿದವನಿಗೆ ಎರಡೇಟು ಬೀಳಲೇಬೇಕೆಂದು ನಾನೂ ಕುದಿಯುತ್ತಿದ್ದೆ.

ಮುಂದಿದ್ದ ನಮ್ಮ ಕಾಕಾನ ಅಂಗಾಲಿಗೆ ಮುಳ್ಳು ನೆಟ್ಟಿತು.

"ಸುತ್ತ ಹಾಕ್ಕೊಂಡ ಹೋಗ್ರಿ," ಅಂದ ರೈತ, ಬದುವಿನ ಮೇಲೆ ನಿಂತು.

ಕಾಕಾ ಕೈಯಲ್ಲಿದ್ದ ಬಿದಿರು ಕೋಲು ಬೀಸಿದ. ರೈತನ ಕಿವಿ ಹರಿದು ರಕ್ತ ಸುರಿಯಿತು. ಬಿದ್ದವನಿಗೆ ಮತ್ತೂ ಬಡಿದ. ನಾವ್ಯಾರೂ ತಡೆಯಲಿಲ್ಲ.

ಅಷ್ಟರಲ್ಲಿ ರೈತನ ಹೆಂಡತಿ ಮಜ್ಜಿಗೆ ಕೊಡ ಹೊತ್ತು ಬಂದಳು. ಪ್ರತಿ ವರ್ಷ ಯಾತ್ರಿಕರಿಗೆ ಮಜ್ಜಿಗೆ ಕೊಡುವುದು ಅವಳ ಹರಕೆ. ಕೊಡ ಇಳಿಸಿ, ತಲೆಯ ಮೇಲಿನ ಸಿಂಬಿಯ ಬಟ್ಟೆ ಬಿಚ್ಚಿ ಗಂಡನ ಕಿವಿಗೆ ಒತ್ತಿ ಹಿಡಿದಳು. ಆಮೇಲೆ ಕಾಕಾನನ್ನು ನೋಡಿದಳು.

"ಹೊಳಿ ಇಲ್ಲೇ ಐತಿ. ಕೈ ತೊಳಕೊಂಡ ಬರ್ರಿ, ಮಜ್ಜಿಗಿ ಹಾಕ್ತೇನಿ."